ತೆಗೆದ ಪಾಚಿ ಎಲ್ಲಿಗೆ ಹೋಗುತ್ತದೆ?

ಪಾಚಿಯನ್ನು ಇಲ್ಲಿಯವರು 'ಶೇವಾಳ' ಎನ್ನುತ್ತಾರೆ. ಸಂಸ್ಕೃತದ ಶೈವಲವೇ ಅದು. ಹೆಸರು ಯಾವುದಾದರೂ ಆಗಲಿ, ಬಿಸಿಲು ಏರಿತೆಂದರೆ ಖರಾಡಿಯ ಸೊಸೈಟಿಗಳ ಮಾಳಿಗೆಯ ಟಾಕಿಗಳಲ್ಲಿ ಅದು ಹಬ್ಬುತ್ತದೆ, ಈಜುಕೊಳವಿದ್ದಲ್ಲಿ ಮೆಟ್ಟಿಲು ಜಾರತೊಡಗುತ್ತದೆ. ಅದನ್ನು ತೆಗೆಯುವುದು ಹೇಗೆಂಬುದು ಸುಲಭದ ಪ್ರಶ್ನೆ. ತೆಗೆದದ್ದು ಎಲ್ಲಿಗೆ ಹೋಗುತ್ತದೆ, ಅದರ ಹೊಣೆ ನಮ್ಮದೇ ಎಂಬುದು ಅಷ್ಟು ಸುಲಭವಲ್ಲ.

ಸುಲಭದ್ದನ್ನು ಮೊದಲು ಮುಗಿಸೋಣ. ಪಾಚಿಗೆ ಬೇಕಾದದ್ದು ಬೆಳಕು, ಸಾರಜನಕ, ರಂಜಕ. ಬಿಗಿಯಾದ ಮುಚ್ಚಳವಿರುವ ಕಪ್ಪು ಟಾಕಿಯಲ್ಲಿ ಬೆಳಕಿಲ್ಲ, ಹೀಗಾಗಿ ಪಾಚಿಯೂ ಇಲ್ಲ. ಒಮ್ಮೆ ಬಂದುಬಿಟ್ಟರೆ ನೀರು ಖಾಲಿಮಾಡಿ ಗೋಡೆಯನ್ನು ಉಜ್ಜಿಯೇ ತೆಗೆಯಬೇಕು. ಒಳ್ಳೆಯ ಬ್ಲೀಚಿಂಗ್ ಪುಡಿ 1000 ಲೀಟರ್ ತಿಳಿನೀರಿಗೆ ಸುಮಾರು 2.5 ಗ್ರಾಂ ಸಾಕು, ಒಂದು ತಾಸು ಬಿಡಬೇಕು. ಲೋಳೆಯಿದ್ದ ಟಾಕಿಗೆ ಹಾಕಿದ ಕ್ಲೋರಿನ್ನು ಆ ಲೋಳೆಯ ಮೇಲೆಯೇ ವ್ಯಯವಾಗಿಹೋಗುತ್ತದೆ. ಉಜ್ಜುವ ಕೆಲಸ ತಪ್ಪಿಸಿಕೊಳ್ಳಲೆಂದು ಪುಡಿ ಸುರಿಯುವುದು ವ್ಯರ್ಥವಾಗುವುದು ಇದರಿಂದಲೇ.

ಇನ್ನು ಕೆಲವರು ಮೈಲುತುತ್ತವನ್ನು ಹಾಕಿ ನಿಶ್ಚಿಂತರಾಗುತ್ತಾರೆ. 1979ರಲ್ಲಿ ಆಸ್ಟ್ರೇಲಿಯದ ಪಾಮ್ ದ್ವೀಪದಲ್ಲಿ ನಡೆದದ್ದನ್ನು ಅವರು ಕೇಳಬೇಕು. ಕುಡಿಯುವ ನೀರಿನ ಅಣೆಕಟ್ಟಿನಲ್ಲಿ ನೀಲಿಹಸಿರು ಪಾಚಿ ದಟ್ಟವಾಗಿ ಬೆಳೆದಾಗ ಅದಕ್ಕೆ ಮೈಲುತುತ್ತ ಹಾಕಲಾಯಿತು. ಪಾಚಿ ಸತ್ತಿತು. ಆದರೆ ಕೆಲವು ದಿನಗಳಲ್ಲೇ 148 ಮಂದಿ, ಅವರಲ್ಲಿ ಹೆಚ್ಚಿನವರು ಮಕ್ಕಳು, ಕಾಯಿಲೆ ಬಿದ್ದರು. ಜೀವಕೋಶಗಳು ಒಡೆದು, ಅವುಗಳೊಳಗಿದ್ದ ವಿಷ ನೀರಿಗೆ ಸೇರಿದ್ದೇ ಕಾರಣವೆಂದು ಆಮೇಲೆ ತಿಳಿದುಬಂತು. ಎಲ್ಲ ಪಾಚಿಯೂ ವಿಷವಲ್ಲ. ಟಾಕಿಯ ಗೋಡೆಯ ಹಸಿರು ಸಾಮಾನ್ಯವಾಗಿ ನಿರಪಾಯಕಾರಿ. ಆದರೂ ಕೊಂದದ್ದು ಇಲ್ಲವಾಯಿತೆಂದು ತಿಳಿಯುವುದು ತಪ್ಪು ಲೆಕ್ಕ. ಕಡತವನ್ನು ಪಕ್ಕದ ಮೇಜಿಗೆ ದಾಟಿಸಿದರೆ ನಮ್ಮ ಮೇಜು ಖಾಲಿಯಾಗುತ್ತದೆಯೇ ಹೊರತು ಕಡತ ವಿಲೇವಾರಿಯಾಗುವುದಿಲ್ಲ. ಇದು ಕಚೇರಿಯಲ್ಲಿ ವರ್ಷಗಳನ್ನು ಕಳೆದ ನಮ್ಮಂಥವರಿಗೆ ಯಾರೂ ಹೇಳಿಕೊಡಬೇಕಾದ ಸಂಗತಿಯಲ್ಲ.

ಖರಾಡಿಯ ಪಕ್ಕದ ಮೇಜು ಎಂದರೆ ಮುಳಾ-ಮುಠಾ ಹೊಳೆ. ನಗರದ ಕೊಳಚೆಯೆಲ್ಲವೂ ಶುದ್ಧವಾಗಿ ಅದನ್ನು ಸೇರುತ್ತಿಲ್ಲ. ಶುದ್ಧೀಕರಣ ಕೇಂದ್ರದ ಮೂಲಕ ಹೋದದ್ದರಲ್ಲಿಯೂ ಸಾಬೂನಿನ ಪುಡಿ, ಶೌಚ, ಅಡಿಗೆಮನೆಗಳಿಂದ ಬಂದ ರಂಜಕ ಸ್ವಲ್ಪವಾದರೂ ಉಳಿಯುತ್ತದೆ. ನಾವು ಟಾಕಿಯಲ್ಲಿ ದ್ವೇಷಿಸುವ ಪಾಚಿಗೆ ಹೊಳೆಯಲ್ಲಿ ಊಟ ಬಡಿಸುವವರೂ ನಾವೇ. ಹೊಳೆಯ ಮೇಲೆ ಹಾಸಿಕೊಳ್ಳುವ ಜಲಪರ್ಣಿಯನ್ನು ಸೇತುವೆಯಿಂದ ನೋಡಿ ಮೂಗು ಮುಚ್ಚಿಕೊಳ್ಳದವರು ನಮ್ಮಲ್ಲಿ ಯಾರಿದ್ದಾರೆ?

ಆ ನೀರು ಭೀಮೆಗೆ ಸೇರಿ ಉಜನಿ ಜಲಾಶಯವನ್ನು ತುಂಬುತ್ತದೆ. ಬೇಸಿಗೆಯಲ್ಲಿ ಹಸಿರುಗಟ್ಟುವ ಆ ಜಲಾಶಯದಿಂದಲೇ ಸೊಲ್ಲಾಪುರ ನೀರು ಕುಡಿಯುತ್ತದೆ. ಅಲ್ಲಿ ಕನ್ನಡಿಗರ ಮನೆಗಳೇನು ಕಡಿಮೆಯೇ? ಮುಂದೆ ಪಂಢರಪುರ ದಾಟಿದ ಭೀಮೆ ಕನ್ನಡನಾಡನ್ನು ಹೊಕ್ಕು, ಗಾಣಗಾಪುರದ ಸಂಗಮದಲ್ಲಿ ಅಮರ್ಜೆಯನ್ನು ಕೂಡಿ, ರಾಯಚೂರಿನ ಬಳಿ ಕೃಷ್ಣೆಯಲ್ಲಿ ಒಂದಾಗುತ್ತದೆ. ಇಲ್ಲಿ ಮೋರಿಗೆ ಬಿಟ್ಟದ್ದರ ಪಾಲು ಊರಲ್ಲಿ ನಮ್ಮವರ ಬಿಂದಿಗೆಗೆ ಹೋಗುತ್ತದೆ. ನಮ್ಮವರೆಂಬ ಕಾರಣಕ್ಕೇ ಕಳವಳಪಡುವುದು ನೀತಿಯೇ ಎಂದು ಯಾರಾದರೂ ಕೇಳಿದರೆ, ಅಲ್ಲವೆಂದೇ ಒಪ್ಪಬೇಕು. ನಡುವಿನ ಇಂದಾಪುರದವರಿಗೂ ಬಾಯಾರಿಕೆ ಅಷ್ಟೇ. ಆದರೆ ದೂರದವರ ಬಗ್ಗೆ ಯೋಚಿಸಲು ಹತ್ತಿರದವರ ಮೂಲಕವೇ ಮನಸ್ಸು ಕಲಿಯುತ್ತದೆಯೆಂದು ನಮಗನಿಸುತ್ತದೆ.

ಒಂದು ಮನೆಯ ಬಕೆಟ್ಟಿನಿಂದ ಏನಾದೀತು ಎಂಬ ಆಕ್ಷೇಪಣೆ ಇದೆ. ಹೊಳೆಯ ಲೆಕ್ಕದಲ್ಲಿ ಅದು ನಿಜ. ಆದರೆ ಇಲ್ಲಿ ಒಬ್ಬೊಬ್ಬರದೂ ಒಂದು ಬಕೆಟ್ಟಲ್ಲ, ನೂರಾರು ಮನೆಗಳಿಗೆ ಒಂದು ನಿರ್ಣಯ. 2021ರಲ್ಲಿ ಭಾಮಾ-ಆಸಖೇಡದ ನೀರು ನಗರದ ಈ ಪೂರ್ವಭಾಗಕ್ಕೆ ಬಂದ ಮೇಲೂ ಟ್ಯಾಂಕರುಗಳು ಬೀದಿಯಿಂದ ಮಾಯವಾಗಿಲ್ಲ. ಹಾಗೆ ಕೊಂಡು ತಂದ ನೀರನ್ನು ಈಜುಕೊಳಕ್ಕೆ ತುಂಬುವುದೋ ಬೇಡವೋ, ಹಸಿರಾದೊಡನೆ ಪೂರ್ತಿ ಖಾಲಿ ಮಾಡುವುದೋ ಅಥವಾ ಸೋಸುಯಂತ್ರವನ್ನು ಹೆಚ್ಚು ಹೊತ್ತು ನಡೆಸಿ, ಗೋಡೆ ಉಜ್ಜಿ, ಕ್ಲೋರಿನ್ನಿನ ಪ್ರಮಾಣ ಸರಿಯಾಗಿಟ್ಟು ಅದೇ ನೀರನ್ನು ಉಳಿಸಿಕೊಳ್ಳುವುದೋ ಎಂಬುದು ಸೊಸೈಟಿಯ ಸಭೆಯಲ್ಲಿ ಕೈ ಎತ್ತಿ ತೀರ್ಮಾನವಾಗುವ ಮಾತು. ಆ ಸಭೆಗೆ ನಮ್ಮವರು ಹೋಗುವುದು ಅಪರೂಪ. ಭಾಷೆಯ ಸಂಕೋಚವೆಂಬ ನೆಪ ಮೊದಲ ವರ್ಷಕ್ಕೆ ಸಲ್ಲುತ್ತದೆ, ಹತ್ತನೆಯದಕ್ಕಲ್ಲ.

ಹೋದವರು ಒಂದು ಪ್ರಶ್ನೆ ಕೇಳಬಹುದು: ಕೊಳ ಖಾಲಿ ಮಾಡಿದ ದಿನ ಆ ನೀರನ್ನು ಒಳಚರಂಡಿಗೆ ಬಿಡುತ್ತೀರೋ, ಮಳೆನೀರಿನ ಮೋರಿಗೋ? ಮ್ಯಾನೇಜರರು ಬೇಸರಪಟ್ಟಾರು. ಆದರೂ ಉತ್ತರ ಬೇಕೇ ಬೇಕು. ಮಳೆಯ ಮೋರಿಯಲ್ಲಿ ಹೋದದ್ದು ಯಾವ ಕೇಂದ್ರವನ್ನೂ ಮುಟ್ಟದೆ ನೇರ ಹೊಳೆಗೇ ಬೀಳುತ್ತದೆ.