ದಂಡವೂ ಅಂತಃಸಾಕ್ಷಿಯೂ

ಮಹಾಪಾತಕಗಳ ವಿಷಯದಲ್ಲಿ ಸದ್ಗೃಹಸ್ಥನಿಗೆ ಸಂಶಯವುಂಟಾಗುವುದು ವಿರಳ. ಕೊಲೆ, ಕಳವು, ಪರದ್ರೋಹಗಳು ನಿಷಿದ್ಧವೆಂಬುದನ್ನು ಅವನು ಬಲ್ಲನು. ಮನಸ್ಸು ನೆವಗಳನ್ನು ಹುಡುಕುವುದು ಸಣ್ಣ ತಪ್ಪುಗಳ ಎಡೆಯಲ್ಲಿ. ಅಂಥದೊಂದು ಪ್ರಸಂಗವನ್ನು ವಾಚಕರ ವಿಚಾರಕ್ಕಾಗಿ ಇಲ್ಲಿ ನಿವೇದಿಸುತ್ತೇನೆ.

ಕೆಲವು ದಿನಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಮನೆಗೆ ಬಂದರು. ಇಂದು ಅವರು ವ್ಯಾಪಾರಸ್ಥರು, ಮಕ್ಕಳೊಂದಿಗರು. ಕಾರು ನಡೆಸುತ್ತಿರುವಾಗ ಮೊಬೈಲ್ ಫೋನನ್ನು ಕೈಯಲ್ಲಿ ಹಿಡಿದು ಮಾತನಾಡಿದರೆಂದು ಅವರಿಗೆ ಪೊಲೀಸರ ದಂಡದ ನೋಟೀಸು ಬಂದಿತ್ತು. ಅದರಲ್ಲಿದ್ದ ಚಿತ್ರ ಮಸುಕಾಗಿತ್ತು; ಕಿವಿಯ ಬಳಿ ಕೈ ಕಾಣುತ್ತಿತ್ತು, ಕೈಯಲ್ಲಿದ್ದುದು ಏನೆಂಬುದು ಸ್ಪಷ್ಟವಿರಲಿಲ್ಲ.

“ಗುರುಗಳೇ, ಕೋರ್ಟಿನಲ್ಲಿ ಪ್ರಶ್ನಿಸಿದರೆ ಗೆಲ್ಲಬಹುದೆಂದು ವಕೀಲರು ಹೇಳುತ್ತಾರೆ. ಏನು ಮಾಡಲಿ?” ಎಂದರು.

“ತಮ್ಮಾ, ನೀನು ಫೋನು ಹಿಡಿದಿದ್ದೆಯೋ, ಇಲ್ಲವೋ?”

ಅವರು ತಲೆ ತಗ್ಗಿಸಿ, “ಹಿಡಿದಿದ್ದೆ. ಮಗನು ಪಕ್ಕದಲ್ಲಿಯೇ ಕುಳಿತಿದ್ದನು” ಎಂದರು.

ಮೊದಲು ಕಾನೂನಿನ ಮಾತು. 1988ರ ಮೋಟಾರು ವಾಹನಗಳ ಅಧಿನಿಯಮಕ್ಕೆ 2019ರಲ್ಲಿ ಆದ ತಿದ್ದುಪಡಿಯು, ಚಾಲನೆಯ ಕಾಲದಲ್ಲಿ ಇಂಥ ಸಾಧನವನ್ನು ಕೈಯಲ್ಲಿ ಹಿಡಿದು ಬಳಸುವುದನ್ನು 184ನೆಯ ಕಲಮಿನ ಅಪಾಯಕರ ಚಾಲನೆಯಲ್ಲಿ ಸೇರಿಸಿದೆ. ಇದು ನಿಷ್ಕಾರಣವಾದ ನಿರ್ಬಂಧವಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವ ವಾಹನವು ಒಂದು ಸೆಕೆಂಡಿನಲ್ಲಿ 16 ಮೀಟರಿಗೂ ಮಿಕ್ಕಿ ಸಾಗುತ್ತದೆ. ಎರಡು ಸೆಕೆಂಡು ಕಣ್ಣು ಫೋನಿನತ್ತ ಹೊರಳಿದರೆ, 33 ಮೀಟರ್ ದಾರಿಯನ್ನು ಚಾಲಕನು ಕುರುಡನಂತೆ ಕ್ರಮಿಸಿದ ಹಾಗಾಯಿತು. ಆ ದಾರಿಯಲ್ಲಿ ಯಾರ ಮಗುವೂ ಅಡ್ಡ ಬರಬಹುದು.

ಹಾಗೆಂದು ದಂಡವನ್ನು ಪ್ರಶ್ನಿಸುವುದೇ ಅಧರ್ಮವೆನ್ನಲಾಗದು. ಕಿವಿ ನೋವಿಗೆ ಕೈಯಿಟ್ಟವನ ಮೇಲೆಯೂ ಇಂಥದೇ ನೋಟೀಸು ಬಂದೀತು. ಅಂಥವನು “ಅಲೆದಾಟವೇಕೆ, ಕಟ್ಟಿಬಿಡೋಣ” ಎಂದು ಹಣ ತೆತ್ತರೆ ಮಾಡದ ತಪ್ಪನ್ನು ಒಪ್ಪಿಕೊಂಡಂತಾಗುವುದು. ಅವನು ನ್ಯಾಯಸ್ಥಾನಕ್ಕೆ ಹೋಗಲೇಬೇಕು. ಅನ್ಯಾಯವನ್ನು ಸಹಿಸದಿರುವ ಗಣಾಚಾರವೂ ಶರಣಧರ್ಮದ ಪಂಚಾಚಾರಗಳಲ್ಲಿ ಒಂದಲ್ಲವೆ? ತಪ್ಪು ನಡೆದದ್ದು ನಿಜವಾಗಿದ್ದು, ಸಂದರ್ಭವನ್ನು ಮಾತ್ರ ಅರಿಕೆ ಮಾಡಿಕೊಳ್ಳುವವನೂ ನಿರ್ಭಯವಾಗಿ ಹೋಗಬಹುದು. ಅವನು ನುಡಿಯುವುದು ದಿಟವನ್ನೇ.

ನನ್ನ ಶಿಷ್ಯರ ಸಂಕಟ ಬೇರೆ. “ನಾನು ಸುಳ್ಳು ಹೇಳುವುದಿಲ್ಲ, ಸುಮ್ಮನಿರುತ್ತೇನೆ. ತಪ್ಪನ್ನು ಸಿದ್ಧಪಡಿಸುವುದು ಅವರ ಹೊಣೆಯಲ್ಲವೆ?” ಎಂದು ಕೇಳಿದರು. ಪ್ರಶ್ನೆ ಹಗುರವಾದುದಲ್ಲ. ಆರೋಪಿಯು ತನಗೆ ವಿರುದ್ಧವಾಗಿ ತಾನೇ ಸಾಕ್ಷಿ ನುಡಿಯುವಂತೆ ಬಲಾತ್ಕರಿಸಕೂಡದೆಂದು ನಮ್ಮ ಸಂವಿಧಾನದ 20ನೆಯ ಅನುಚ್ಛೇದವೇ ಹೇಳುತ್ತದೆ. ಪ್ರಭುತ್ವದ ಬಲದೆದುರು ದುರ್ಬಲನಿಗೆ ಅದು ರಕ್ಷೆ. ಆ ರಕ್ಷೆಯನ್ನು ನಾನು ಎಂದಿಗೂ ಹಳಿಯಲಾರೆ.

ಆದರೆ ಕಾನೂನು ಬಿಡುಗಡೆ ಮಾಡುವುದು ಹೊರಗಿನ ಸಾಕ್ಷ್ಯದಿಂದ ಮಾತ್ರ. ಒಳಗಿನ ಸಾಕ್ಷಿಗೆ ರಜೆಯಿಲ್ಲ. ನ್ಯಾಯಸ್ಥಾನವು ಕೇಳುವುದು “ಸಿದ್ಧವಾಯಿತೆ?” ಎಂದು, ಅಂತಃಸಾಕ್ಷಿಯು ಕೇಳುವುದು “ಮಾಡಿದೆಯಾ?” ಎಂದು. ಮೊದಲನೆಯ ಪ್ರಶ್ನೆಗೆ ದೊರೆತ ಅನುಕೂಲವಾದ ಉತ್ತರವನ್ನು ಎರಡನೆಯದಕ್ಕೂ ಸಲ್ಲಿಸಹೊರಟರೆ ಅಲ್ಲಿಂದ ಆತ್ಮವಂಚನೆಯ ಆರಂಭ. ನಡೆ ನುಡಿಗಳು ಒಂದಾಗಬೇಕೆಂದು ಶರಣರು ಬೋಧಿಸಿದ್ದು ಬಹುಶಃ ಇಂಥ ಸಂದುಗಳನ್ನು ಕಂಡೇ ಇರಬೇಕು.

ನಾನು ಅವರಿಗೆ ಹೀಗೆ ಮಾಡೆಂದು ಆಜ್ಞಾಪಿಸಲಿಲ್ಲ. ಒಂದು ಒರೆಗಲ್ಲನ್ನು ಮಾತ್ರ ಕೊಟ್ಟೆ: “ಗೆದ್ದು ಮನೆಗೆ ಬಂದ ದಿನ, ಹೇಗೆ ಗೆದ್ದೆಯೆಂಬುದನ್ನು ನಿನ್ನ ಮಗನಿಗೆ ಮುಚ್ಚುಮರೆಯಿಲ್ಲದೆ ಹೇಳಬಲ್ಲೆಯಾ? ಹೇಳಬಲ್ಲೆಯಾದರೆ ಹೋಗು. ಅವನು ಎಲ್ಲವನ್ನೂ ಕಣ್ಣಾರೆ ಕಂಡವನು. ಅವನಿಂದ ಮರೆಮಾಡಬೇಕಾದ ಗೆಲುವು ದಂಡಕ್ಕಿಂತ ದುಬಾರಿ.”

ಅವರು ಬಹಳ ಹೊತ್ತು ಮಾತನಾಡಲಿಲ್ಲ. ಒಂದು ವಾರದ ಮೇಲೆ ಬಂದು, ಹಣ ಕಟ್ಟುವಾಗ ಮಗನನ್ನೂ ಜೊತೆಗೆ ಕರೆದೊಯ್ದಿದ್ದೆನೆಂದು ತಿಳಿಸಿದರು. ಈಗ ಕಾರನ್ನೇರಿದೊಡನೆ ತಂದೆಯ ಫೋನನ್ನು ಮಗನೇ ಕೇಳಿ ತೆಗೆದಿಡುವನಂತೆ.

ತೆತ್ತ ಹಣವು ಸರ್ಕಾರದ ಬೊಕ್ಕಸಕ್ಕೆ ಸಂದಿತು. ತಪ್ಪನ್ನು ತಪ್ಪೆಂದು ಒಪ್ಪಿಕೊಂಡ ಫಲವು ಆ ಮನೆಯಲ್ಲಿ ಉಳಿಯಿತು. ಗೃಹಸ್ಥರಾದ ನಾವು ಮಕ್ಕಳಿಗಾಗಿ ಹೊಲ ಮನೆಗಳನ್ನು ಕೂಡಿಡುತ್ತೇವೆ. ಇಂಥದನ್ನೂ ಅಷ್ಟಿಷ್ಟು ಕೂಡಿಡುವುದು ಲೇಸು.