ಮರೆವು ಯಾರ ದೋಷ?



ಬಂದು ಹೋಗುವ ರೋಗಗಳು ಕೆಲವು, ಬಂದು ನೆಲೆಸುವ ರೋಗಗಳು ಕೆಲವು. ವಿಷಮಶೀತಜ್ವರ ಬಂದರೆ ವೈದ್ಯನು ಔಷಧಿ ಕೊಡುವನು, ರೋಗಿ ಗುಣಹೊಂದುವನು; ಅಲ್ಲಿಗೆ ಇಬ್ಬರ ಸಂಬಂಧ ಮುಗಿಯಿತು. ಮಧುಮೇಹ, ರಕ್ತದೊತ್ತಡಗಳು ಹಾಗಲ್ಲ. ಅವು ಬಹುಕಾಲ ನೋಯಿಸುವುದಿಲ್ಲ. ನೋಯದುದನ್ನು ಮನುಷ್ಯನು ಮರೆಯುತ್ತಾನೆ. ಮರೆತ ವರ್ಷಗಳಲ್ಲಿಯೇ ಅವು ಕಣ್ಣು, ಮೂತ್ರಪಿಂಡ, ಹೃದಯಗಳನ್ನು ಸದ್ದಿಲ್ಲದೆ ಕೆಡಿಸುತ್ತವೆ.

ಈ ಮರೆವು ಯಾರ ದೋಷ? ರೋಗಿಯದೇ ಎಂದು ಹೇಳುವುದು ಸುಲಭ. ಆದರೆ ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ದುಡಿಯುವ ಒಬ್ಬ ಕೂಲಿಕಾರನನ್ನು ಕಣ್ಮುಂದೆ ತಂದುಕೊಳ್ಳಿರಿ. ಆಸ್ಪತ್ರೆಗೆ ಹೋದ ದಿನ ಅವನಿಗೆ ಕೂಲಿಯಿಲ್ಲ. ಹೋದರೂ ಹೊಸ ವೈದ್ಯರು, ಹೊಸ ಚೀಟಿ. ಹಳೆಯ ಚೀಟಿ ಎಲ್ಲಿಯೋ ಕಳೆದಿದೆ. ಪ್ರತಿಸಲವೂ ತನ್ನ ಕಥೆಯನ್ನು ಮೊದಲಿನಿಂದ ಹೇಳಬೇಕಾದವನನ್ನು ಆಸ್ಪತ್ರೆಯೂ ಮರೆತಿದೆಯಲ್ಲವೇ?

ಈ ಎರಡನೆಯ ಮರೆವನ್ನು ನೀಗಿಸುವ ಯತ್ನ ಕೋಲಾರ ಜಿಲ್ಲೆಯಲ್ಲಿಯೇ ನಡೆದಿದೆ. ಇಂಥ ರೋಗಗಳ ನಿಯಂತ್ರಣಕ್ಕೆಂದು 2010ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದಾಗ, ಕರ್ನಾಟಕದಲ್ಲಿ ಮೊದಲು ಆಯ್ಕೆಯಾದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. 2017ರಲ್ಲಿ ರಾಜ್ಯ ಸರ್ಕಾರವೂ ಟಾಟಾ ಟ್ರಸ್ಟ್ಸ್ ಸಂಸ್ಥೆಯೂ ಕೂಡಿ ಇಲ್ಲಿ ‘ಡಿಜಿಟಲ್ ನರ್ವ್ ಸೆಂಟರ್’ ಎಂಬ ವ್ಯವಸ್ಥೆಯನ್ನು ತಂದವು. ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆಗಳನ್ನು ಗಣಕಯಂತ್ರದ ಮೂಲಕ ಬೆಸೆಯುವುದು ಅದರ ಉದ್ದೇಶ. ಮಾಲೂರಿನಲ್ಲಿಯೋ ಮುಳಬಾಗಿಲಿನಲ್ಲಿಯೋ ಬರೆದಿಟ್ಟ ವಿವರ ಕೋಲಾರದ ವೈದ್ಯರ ಕಣ್ಣಿಗೂ ಬೀಳಬೇಕು. ರೋಗಿ ಊರು ಬಿಡದೆಯೇ ತಜ್ಞರ ಸಲಹೆ ಪಡೆಯಬೇಕು.

ಆದರೆ ಯಂತ್ರದ ನೆನಪು ನಮ್ಮ ಹೊಣೆಯನ್ನು ಇಳಿಸುವುದಿಲ್ಲ, ಹೆಚ್ಚಿಸುತ್ತದೆ. ಹಿಂದೆ ‘ತಿಳಿದಿರಲಿಲ್ಲ’ ಎನ್ನಬಹುದಿತ್ತು. ಈತ ಮೂರು ತಿಂಗಳಿಂದ ಬಂದಿಲ್ಲವೆಂದು ತೆರೆಯ ಮೇಲೆ ಕಂಡ ಬಳಿಕ ಸುಮ್ಮನಿರುವುದು ಅಜ್ಞಾನವಲ್ಲ, ಉಪೇಕ್ಷೆ. ಏಕೆ ಬರಲಿಲ್ಲವೆಂಬುದನ್ನು ಯಂತ್ರ ಹೇಳಲಾರದು. ಆಶಾ ಕಾರ್ಯಕರ್ತೆ ಬಾಗಿಲಿಗೆ ಹೋಗಿ ಕೇಳಬೇಕು. ಬಾ ಎಂದು ಕರೆದು, ಬಂದವನಿಗೆ ಮಾತ್ರೆ ಇಲ್ಲವೆಂದರೆ ಆ ಕರೆಯೇ ಅನ್ಯಾಯ. ಅವನ ರೋಗದ ಗುಟ್ಟನ್ನು ಕಾಯುವುದೂ ಆ ಹೊಣೆಯಲ್ಲಿ ಸೇರಿದೆ.

ರೋಗಿಗೂ ತನ್ನ ಪಾಲುಂಟು. ಅವನ ಮಾತ್ರೆಯನ್ನು ಬೇರೆ ಯಾರೂ ನುಂಗಲಾರರು. ಆದರೆ ತನ್ನನ್ನು ನೆನೆಯುವವರು ಇದ್ದಾರೆಂದು ತಿಳಿದವನಿಗೆ ಆ ನಿತ್ಯನೇಮ ಹಗುರವಾದೀತು.

ವಾಚಕರೇ, ಮಠದ ಆಶ್ರಯದಲ್ಲಿ ಓದಿ ಊರೂರು ಸೇರಿದ ನೀವು ಮುಂದಿನ ಸಲ ಮನೆಗೆ ಹೋದಾಗ ಹಿರಿಯರನ್ನು ಕೇಳಿರಿ: ರಕ್ತದೊತ್ತಡ ನೋಡಿಸಿ ಎಷ್ಟು ದಿನವಾಯಿತು? ಮಾತ್ರೆ ಬಿಟ್ಟಿದ್ದರೆ ಗದರಬೇಡಿರಿ. ಕಾರಣ ಕೇಳಿ, ಮರುದಿನ ಆಸ್ಪತ್ರೆಗೆ ಅವರ ಜೊತೆಯಲ್ಲಿ ಹೋಗಿ ಬನ್ನಿರಿ.