ಸಮಾಧಿಯಲ್ಲಿ ಉಳಿದ ಬಟ್ಟೆ

ಯೇಸುವಿನ ಕೊನೆಯ ದಿನಗಳ ಕಥೆಯನ್ನು ರಬಕವಿ-ಬನಹಟ್ಟಿಯಲ್ಲಿ, ಮಗ್ಗದ ಸದ್ದಿನ ನಡುವೆ ಕೂತು ಓದಿದರೆ ಕಣ್ಣು ಮೊದಲು ಹೋಗಿ ನಿಲ್ಲುವುದು ಬಟ್ಟೆಯ ಮೇಲೆ. ಶಿಲುಬೆಯ ಬುಡದಲ್ಲಿ ಸಿಪಾಯಿಗಳು ಆತನ ಉಡುಪನ್ನು ನಾಲ್ಕು ಪಾಲು ಮಾಡಿಕೊಳ್ಳುತ್ತಾರೆ. ಒಳಂಗಿಯ ಸರದಿ ಬಂದಾಗ ಕೈ ತಡೆಯುತ್ತದೆ. ಅದಕ್ಕೆ ಹೊಲಿಗೆಯೇ ಇಲ್ಲ, ಮೇಲಿನಿಂದ ಕೆಳಗಿನವರೆಗೆ ಒಂದೇ ನೇಯ್ಗೆ ಎನ್ನುತ್ತಾನೆ ಸುವಾರ್ತೆ ಬರೆದ ಯೋಹಾನ. ಹರಿಯಲು ಮನಸ್ಸು ಬಾರದೆ ಅವರು ಚೀಟಿ ಹಾಕುತ್ತಾರೆ.

ನೇಕಾರರಿಗೆ ಇದು ಸಣ್ಣ ವಿವರವಲ್ಲ. ಒಂದೇ ಎಂದು ಕಾಣುವ ಇಳಕಲ್ ಸೀರೆಯಲ್ಲೂ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಜೋಡಣೆಯೇ ಇಲ್ಲದ ಆ ಅಂಗಿಯನ್ನು ನೇಯ್ದ ಕೈ ಯಾರದು? ಯೋಹಾನ ಹೇಳುವುದಿಲ್ಲ. ಖಣಕ್ಕೆ ಹೆಸರಾದ ಗುಳೇದಗುಡ್ಡದಲ್ಲಿ 1851ರಲ್ಲಿ ಬಾಸೆಲ್ ಮಿಶನ್ ನೆಲೆಯೂರಿತು. ಲಾಳಿ ಹಿಡಿದ ಕೈಗಳು ಅಲ್ಲಿ ಮೊದಲ ಸಲ ಈ ಪುಟ ತೆರೆದಾಗ ಯಾವ ಸಾಲಿನಲ್ಲಿ ನಿಂತಿರಬಹುದು? ಇದೇ ಸಾಲಿನಲ್ಲಿ ಎಂದು ನನ್ನ ಮನಸ್ಸು ಹೇಳುತ್ತದೆ.

ಆ ನೇಕಾರರಿಗೆ ಬಟ್ಟೆಯ ಇನ್ನೊಂದು ಕಥೆಯೂ ಗೊತ್ತಿತ್ತು. ಮುದನೂರಿನ ಜೇಡರ ದಾಸಿಮಯ್ಯ ನೇಯ್ದ ವಸ್ತ್ರವನ್ನು ಜಂಗಮನಾಗಿ ಬಂದ ಶಿವ ಕೇಳಿ ಪಡೆದು, ಕಣ್ಣೆದುರೇ ಹರಿದು ಚೂರು ಮಾಡುತ್ತಾನೆ. ದಾಸಿಮಯ್ಯನ ಮುಖ ಬಾಡುವುದಿಲ್ಲ. ಅಲ್ಲಿ ದೇವರೇ ಬಟ್ಟೆ ಹರಿದ. ಇಲ್ಲಿ ಕೊಲ್ಲಲು ಬಂದವರು ಬಟ್ಟೆಯನ್ನು ಉಳಿಸಿ ದೇಹವನ್ನು ಹರಿದರು.

ನಜರೇತಿನಲ್ಲಿ ಯೆಶಾಯನ ಸುರುಳಿ ಬಿಚ್ಚಿ ಓದಿದಾಗಲೇ ಯೇಸು ತಾನು ಬಂದ ಕೆಲಸ ಏನೆಂದು ಸಾರಿದ್ದ: ಬಡವರಿಗೆ ಒಳ್ಳೆಯ ಸುದ್ದಿ, ಸೆರೆಯವರಿಗೆ ಬಿಡುಗಡೆ. ಹನ್ನೆರಡು ಮಂದಿ ಶಿಷ್ಯರನ್ನು ಊರೂರಿಗೆ ಕಳಿಸುವಾಗ ಬುತ್ತಿ ಬೇಡ, ಹಣ ಬೇಡ, ಎರಡು ಅಂಗಿಯೂ ಬೇಡ ಎಂದ. ಒಂದೇ ಅಂಗಿ ಸಾಕೆಂದವನ ಮೈಮೇಲಿನ ಆ ಒಂದೂ ಹೋಯಿತು. ಅರಿಮಥಾಯದ ಯೋಸೇಫ ನಾರುಬಟ್ಟೆ ಕೊಂಡು ತಂದು ಸುತ್ತಬೇಕಾಯಿತು.

ಮೂರನೆಯ ದಿನ, ಆತನನ್ನು ಹಿಂಬಾಲಿಸಿದ್ದ ಹೆಂಗಸರು ಸುಗಂಧದ್ರವ್ಯ ಹಿಡಿದು ಸಮಾಧಿಗೆ ಹೊರಟರು. ನಮ್ಮಲ್ಲೂ ಮೂರನೆಯ ದಿನ ಹಾಲು-ತುಪ್ಪ ಹಿಡಿದು ಮಣ್ಣು ಮಾಡಿದಲ್ಲಿಗೆ ಹೋಗುತ್ತಾರೆ. ತೀರಿಹೋದವರು ಎದ್ದು ಬರಲೆಂದು ಯಾರೂ ಹಾಗೆ ಹೋಗುವುದಿಲ್ಲ, ಆ ಹೆಂಗಸರೂ ಹೋಗಲಿಲ್ಲ.

ಯೇಸು ಎದ್ದ ಗಳಿಗೆಯನ್ನು ನಾಲ್ಕು ಸುವಾರ್ತೆಗಳಲ್ಲಿ ಒಂದೂ ವರ್ಣಿಸುವುದಿಲ್ಲ. ಈ ಮೌನವನ್ನು ನಾನು ಬಹಳ ಗೌರವಿಸುತ್ತೇನೆ. ದೇಹವನ್ನು ಯಾರೋ ಒಯ್ದಿದ್ದಾರೆ ಎಂಬ ಮಗ್ದಲದ ಮರಿಯಳ ಮಾತು ಕೇಳಿ ಓಡಿ ಬಂದ ಇಬ್ಬರು ಶಿಷ್ಯರಿಗೆ ಕಂಡದ್ದು ಬಿದ್ದಿರುವ ನಾರುಬಟ್ಟೆ, ಬೇರೆಯಾಗಿ ಸುತ್ತಿಟ್ಟ ತಲೆವಸ್ತ್ರ, ಅಷ್ಟೇ. ಕಳ್ಳರು ಹೆಣ ಹೊತ್ತೊಯ್ಯುವಾಗ ಬಟ್ಟೆ ಬಿಚ್ಚಿ ಸುತ್ತಿಡುತ್ತಾರೆಯೇ? ಯೇಸು ಹಿಂದೆ ಬದುಕಿಸಿದ್ದ ಲಾಜರ ಸಮಾಧಿಯಿಂದ ಹೊರಬಂದಾಗ ಕೈಕಾಲಿಗೆ ಪಟ್ಟಿ ಸುತ್ತಿಯೇ ಇತ್ತು, ಬೇರೆಯವರು ಬಿಚ್ಚಬೇಕಾಯಿತು. ಅವನಿಗೆ ಮುಂದೊಂದು ದಿನ ಮತ್ತೆ ಆ ಬಟ್ಟೆ ಬೇಕಿತ್ತು. ಯೇಸು ಅದನ್ನು ಅಲ್ಲೇ ಬಿಟ್ಟು ಹೋದ. ಇಬ್ಬರಲ್ಲಿ ಒಬ್ಬ ಇಷ್ಟನ್ನೇ ನೋಡಿ ನಂಬಿದ. ಎದ್ದವನ ಮುಖವನ್ನು ಅವನಿನ್ನೂ ನೋಡಿರಲಿಲ್ಲ. ಇಡೀ ಕಥೆಯಲ್ಲಿ ನನಗೆ ಅತಿ ಸೋಜಿಗದ ಜಾಗ ಇದು. ಇನ್ನೊಬ್ಬನಾದ ಪೇತ್ರ ಮಾತ್ರ ಬೆರಗಾಗಿ ಮನೆಗೆ ಮರಳಿದ ಎನ್ನುತ್ತಾನೆ ಲೂಕ.

ಅದೇ ಪೇತ್ರನನ್ನು ಮುಂದೆ ಯೊಪ್ಪ ಎಂಬ ಊರಿಗೆ ಕರೆಸುತ್ತಾರೆ. ಬಡವರಿಗೆ ಬಟ್ಟೆ ಮಾಡಿಕೊಡುತ್ತಿದ್ದ ತಬಿಥಾ ತೀರಿಕೊಂಡಿದ್ದಾಳೆ. ಮೇಲ್ಮಾಳಿಗೆಯಲ್ಲಿ ವಿಧವೆಯರು ಅವನನ್ನು ಸುತ್ತುವರಿದು, ಅವಳು ಮಾಡಿಕೊಟ್ಟ ಅಂಗಿಗಳನ್ನು ಒಂದೊಂದಾಗಿ ತೋರಿಸುತ್ತ ಅಳುತ್ತಾರೆ. ಬಟ್ಟೆಯನ್ನು ಸಾಕ್ಷಿಯಾಗಿ ನೋಡುವುದು ಪೇತ್ರನಿಗೆ ಇದು ಎರಡನೆಯ ಸಲ. ಎಲ್ಲರನ್ನೂ ಹೊರಗೆ ಕಳಿಸಿ ಮೊಣಕಾಲೂರಿ ಪ್ರಾರ್ಥಿಸುತ್ತಾನೆ. ಅವಳು ಕಣ್ಣು ತೆರೆದು ಎದ್ದು ಕೂರುತ್ತಾಳೆ. ಆತ ಕೈಕೊಟ್ಟು ನಿಲ್ಲಿಸಿ, ಆ ವಿಧವೆಯರನ್ನು ಒಳಗೆ ಕರೆಯುತ್ತಾನೆ.